ಕದ್ದ ಮಾಲು ಕೈಗೆ ಬಂದಾಗ

ಪ್ರಶ್ನೆ: ಆನ್‌ಲೈನ್‌ನಲ್ಲಿ ಬಳಸಿದ ಲ್ಯಾಪ್‌ಟಾಪ್ ಒಂದನ್ನು ಕೊಂಡೆ. ಕೆಲವು ದಿನ ಚೆನ್ನಾಗಿಯೇ ನಡೆಯಿತು. ನಿಧಾನವಾಯಿತೆಂದು ಎಲ್ಲವನ್ನೂ ಅಳಿಸಿ ಹೊಸದಾಗಿ ಶುರುಮಾಡಿದೆ. ವೈಫೈಗೆ ಜೋಡಿಸಿದ್ದೇ ತಡ, ಯಾವುದೋ ಕಂಪನಿಯ ಹೆಸರು ತೋರಿಸಿ ಅಲ್ಲಿನ ನೌಕರರ ಲಾಗಿನ್ ಕೇಳುತ್ತಿದೆ. ಮಾರಿದವರು ಫೋನ್ ಎತ್ತುತ್ತಿಲ್ಲ. ರಿಪೇರಿಯವರೊಬ್ಬರು ಲಾಕ್ ತೆಗೆದುಕೊಡುತ್ತೇನೆ ಎನ್ನುತ್ತಾರೆ. ತೆಗೆಸಲೇ? ಇಲ್ಲವೇ ಇದ್ದ ಹಾಗೆಯೇ ಬೇರೆಯವರಿಗೆ ಮಾರಿಬಿಡಲೇ?

ಉತ್ತರ: ಎರಡೂ ಬೇಡ.

ರಿಪೇರಿಯವರು ಹೇಳುವ ಉಪಾಯ ನನಗೆ ಗೊತ್ತು; ನನ್ನ ಮೇಜಿಗೂ ಇಂಥ ಯಂತ್ರಗಳು ಬರುತ್ತವೆ. ಇಂಟರ್‌ನೆಟ್ ಜೋಡಿಸದೆ ಶುರುಮಾಡಿ ಆ ಪರದೆಯನ್ನು ದಾಟಿಸುತ್ತಾರೆ, ಅಷ್ಟೆ. ಕಂಪನಿಯ ಹೆಸರಿನಲ್ಲಿ ಯಂತ್ರದ ಗುರುತು ದಾಖಲಾಗಿರುವುದು ನಿಮ್ಮ ಡಿಸ್ಕ್‌ನಲ್ಲಲ್ಲ, ದೂರದ ಸರ್ವರ್‌ನಲ್ಲಿ. ಡಿಸ್ಕ್ ಬದಲಾಯಿಸಿದರೂ ಅದು ಹೋಗುವುದಿಲ್ಲ. ಮುಂದೊಂದು ದಿನ ಮತ್ತೆ ಅಳಿಸಿದಾಗ ಅದೇ ಹೆಸರು ಎದುರು ನಿಲ್ಲುತ್ತದೆ. ಹಣ ತೆಗೆದುಕೊಂಡವರು ಆ ಹೊತ್ತಿಗೆ ಸಿಗುವುದಿಲ್ಲ.

ಮಾರುವ ಮಾತು ಇನ್ನೂ ಕೆಟ್ಟದ್ದು. ಇಲ್ಲಿಯವರೆಗೆ ನೀವು ಮೋಸ ಹೋದವರು. ಇನ್ನು ಮುಂದೆ ಅನುಮಾನವಿದ್ದೂ ಮುಚ್ಚಿಟ್ಟು ಮಾರಿದರೆ ಮೋಸ ಮಾಡಿದವರ ಸಾಲಿಗೆ ಸೇರುತ್ತೀರಿ. ತನಗಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು ಎಂಬುದು ರೋಮನ್ ನ್ಯಾಯವೇತ್ತ ಉಲ್ಪಿಯನ್ ಕಾಲದಿಂದ ಬಂದ ನಿಯಮ. ಪ್ರಾಮಾಣಿಕವಾಗಿ ಕೊಂಡವರಿಗೆ ಒಂದಿಷ್ಟು ರಕ್ಷಣೆ ಕೊಡುವ ದೇಶಗಳೂ ಇವೆ. ಆ ರಕ್ಷಣೆ ನಿಮಗೆ ದಕ್ಕಬೇಕಾದರೆ ಪ್ರಾಮಾಣಿಕರಾಗಿಯೇ ಉಳಿಯಬೇಕಲ್ಲ!

ಹಾಗೆಂದು ಅದು ಕದ್ದದ್ದೇ ಎಂದು ಈಗಲೇ ತೀರ್ಮಾನಿಸಬೇಡಿ. ಕಂಪನಿಗಳು ಹಳೆಯ ಲ್ಯಾಪ್‌ಟಾಪ್‌ಗಳನ್ನು ಸಗಟಾಗಿ ವಿಲೇವಾರಿ ಮಾಡಿ, ದಾಖಲೆಯಿಂದ ತೆಗೆಯಲು ಮರೆಯುವುದುಂಟು. ಯಂತ್ರವನ್ನು ಮಗುಚಿ ನೋಡಿ. ಅಡಿಯಲ್ಲಿ ಆಯತಾಕಾರದ ಅಂಟಿನ ಕಲೆ, ಅದರ ಅಂಚಿಗೆ ಕೂಡಿಕೊಂಡ ಕಪ್ಪು ಧೂಳು ಕಂಡರೆ, ಅಲ್ಲಿ ಕಚೇರಿಯ ಚೀಟಿ ಇದ್ದಿರಬಹುದು. ಸೀರಿಯಲ್ ಸಂಖ್ಯೆಯನ್ನು ಬ್ಲೇಡಿನಿಂದ ಕೆರೆದಿದ್ದರೆ ಮಾತ್ರ ನನ್ನ ಅನುಮಾನ ಗಟ್ಟಿಯಾಗುತ್ತದೆ. ಪ್ರಾಮಾಣಿಕ ಮಾರಾಟಗಾರನಿಗೆ ಆ ಶ್ರಮವೇಕೆ?

ಪರದೆಯ ಮೇಲೆ ಕಂಡ ಕಂಪನಿಯ ದೂರವಾಣಿ ಸಂಖ್ಯೆಯನ್ನು ನೀವೇ ಹುಡುಕಿ ಕರೆ ಮಾಡಿ, ಸೀರಿಯಲ್ ಸಂಖ್ಯೆ ತಿಳಿಸಿ. ವಿಲೇವಾರಿ ಮಾಡಿದ್ದು ನಿಜವಾದರೆ ದಾಖಲೆಯಿಂದ ಬಿಡುಗಡೆ ಮಾಡುವ ಅಧಿಕಾರ ಅವರಿಗಿದೆ. ಕಳುವಾದದ್ದು ಎಂದರೆ ಪೊಲೀಸರಿಗೆ ಒಪ್ಪಿಸಿ ರಸೀದಿ ಪಡೆಯಿರಿ. ‘ನಾನೇ ಅದರ ಯಜಮಾನ, ಕೊರಿಯರ್‌ನಲ್ಲಿ ಕಳುಹಿಸಿಬಿಡಿ’ ಎನ್ನುವ ಅಪರಿಚಿತರಿಗೆ ಮಾತ್ರ ಕೊಡಬೇಡಿ.

ಇದೆಲ್ಲಕ್ಕಿಂತ ಮೊದಲು, ಅಂದರೆ ಇವತ್ತೇ, ಜಾಹೀರಾತಿನ ಪುಟ, ಮಾರಿದವರ ಪ್ರೊಫೈಲ್, ನಿಮ್ಮಿಬ್ಬರ ಚಾಟ್, ಹಣ ಪಾವತಿಯ ವಿವರ ಎಲ್ಲದರ ಚಿತ್ರ ತೆಗೆದಿಡಿ. ಖಾತೆ ಅಳಿಸಿಹೋದರೆ ಜಾಹೀರಾತೂ ಮಾಯವಾಗುತ್ತದೆ. ಪೊಟ್ಟಣದ ಮೇಲಿನ ಕೊರಿಯರ್ ಚೀಟಿ ಕಸದ ಬುಟ್ಟಿಯಲ್ಲಿದ್ದರೆ ಹೆಕ್ಕಿ ತನ್ನಿ. ಕಾರ್ಡ್‌ನಿಂದ ಹಣ ಕೊಟ್ಟಿದ್ದರೆ ಬ್ಯಾಂಕಿಗೆ ತಕರಾರು ಸಲ್ಲಿಸಿ. ನೇರ ವರ್ಗಾವಣೆಯಾಗಿದ್ದರೆ ವಾಪಸು ಬರುವುದು ಕಷ್ಟ. ಸುಳ್ಳು ಭರವಸೆ ಕೊಡಲಾರೆ. ಮಾರಿದವರನ್ನು ಹುಡುಕಿಕೊಂಡು ಒಬ್ಬರೇ ಹೋಗುವ ಸಾಹಸವಂತೂ ಬೇಡವೇ ಬೇಡ.

ಪ್ರಶ್ನೆ: ಹಳೆಯ ಫೋನ್ ಕೊಳ್ಳುವಾಗ ಅದರ ಗುರುತಿನ ಸಂಖ್ಯೆಯಾದ ಐಎಂಇಐ ಪರೀಕ್ಷಿಸಿದ್ದೆ, ಕಳುವಿನ ಪಟ್ಟಿಯಲ್ಲಿ ಇರಲಿಲ್ಲ. ಕೊಂಡ ಮೇಲೆ ಸಿಗ್ನಲ್ ನಿಂತಿದೆ. ಕೇಳಿದರೆ ಕಪ್ಪುಪಟ್ಟಿಗೆ ಸೇರಿದೆಯಂತೆ. ಹೇಗೆ ಸಾಧ್ಯ?

ಉತ್ತರ: ಪಟ್ಟಿ ಹೇಳುವುದು ಅವತ್ತಿನ ಮಾತನ್ನು ಮಾತ್ರ. ಕಳೆದುಕೊಂಡವರು ತಡವಾಗಿ ದೂರು ಕೊಟ್ಟಿರಬಹುದು. ಇನ್ನೊಂದು ಬಗೆಯೂ ಇದೆ, ಅದು ಹೆಚ್ಚು ನಾಜೂಕಿನದು: ಫೋನನ್ನು ನಿಮಗೆ ಮಾರಿದವರೇ ‘ಕಳುವಾಯಿತು’ ಎಂದು ದೂರು ಕೊಟ್ಟು ವಿಮೆಯ ಹಣವನ್ನೂ ಕೇಳುತ್ತಾರೆ. ಕಂತು ಕಟ್ಟದೆ ಮಾರಿದ ಫೋನುಗಳನ್ನೂ ಕೆಲವೆಡೆ ಹೀಗೆಯೇ ತಡೆಯುತ್ತಾರೆ.

ಐಎಂಇಐಯ 15 ಅಂಕಿಗಳಲ್ಲಿ ಮೊದಲ 8 ಫೋನಿನ ಮಾದರಿಯನ್ನು ಸೂಚಿಸುತ್ತವೆ. ಕೊನೆಯದು ಉಳಿದವುಗಳನ್ನು ತಾಳೆ ನೋಡುವ ಅಂಕಿ. ಯಜಮಾನ ಯಾರೆಂಬುದು ಅದರಲ್ಲಿಲ್ಲ. ಮಾರುವವರು ಕಳುಹಿಸಿದ ಸಂಖ್ಯೆ ಬೇರೆ ಫೋನಿನದೂ ಆಗಿರಬಹುದು. ಆದ್ದರಿಂದ ಮುಂದಿನ ಸಲ ಫೋನ್ ಕೈಯಲ್ಲಿ ಹಿಡಿದು *#06# ಒತ್ತಿ, ಪೆಟ್ಟಿಗೆ ಮತ್ತು ಬಿಲ್‌ನಲ್ಲಿರುವ ಸಂಖ್ಯೆಯ ಜೊತೆ ಹೋಲಿಸಿ. ಎರಡು ಸಿಮ್ ಇದ್ದರೆ ಎರಡು ಸಂಖ್ಯೆಗಳನ್ನೂ ನೋಡಬೇಕು. ಬಳಿಕ ನಿಮ್ಮೆದುರೇ ಪೂರ್ತಿ ಅಳಿಸಿ, ಮತ್ತೆ ಶುರುಮಾಡಲು ಹೇಳಿ. ಐಫೋನ್‌ಗೆ 2013ರಲ್ಲಿ ಬಂದ ಐಒಎಸ್ 7ರಿಂದ, ಆಂಡ್ರಾಯ್ಡ್‌ಗೆ 2015ರ 5.1 ಆವೃತ್ತಿಯಿಂದ, ಹಳೆಯ ಖಾತೆ ಉಳಿದಿದ್ದರೆ ಅದರ ಪಾಸ್‌ವರ್ಡ್ ಕೇಳುವ ವ್ಯವಸ್ಥೆ ಇದೆ. ‘ಪಾಸ್‌ವರ್ಡನ್ನು ಮನೆಗೆ ಹೋಗಿ ಕಳುಹಿಸುತ್ತೇನೆ’ ಎಂದರೆ ಫೋನನ್ನು ಅವರ ಕೈಗೇ ಕೊಟ್ಟು ಎದ್ದುಬನ್ನಿ.

ಪ್ರಶ್ನೆ: ಲಾಕ್ ಆದ ಐಫೋನನ್ನು ‘ಬಿಡಿಭಾಗಗಳಿಗೆ ಮಾತ್ರ’ ಎಂದು ಅಗ್ಗವಾಗಿ ಮಾರುತ್ತಾರೆ. ಕ್ಯಾಮೆರಾ ಕಿತ್ತುಕೊಳ್ಳಲು ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. 2024ರ ಐಒಎಸ್ 18ರಿಂದ ಆ ಲಾಕ್ ಬಿಡಿಭಾಗಗಳಿಗೂ ಹಬ್ಬಿದೆ. ಅಂಥ ಫೋನಿನಿಂದ ಕಿತ್ತ ಭಾಗ ಎಂದು ಗೊತ್ತಾದರೆ, ಹೊಂದಿಸುವಾಗ ಹಳೆಯ ಯಜಮಾನನ ಪಾಸ್‌ವರ್ಡನ್ನೇ ಕೇಳುತ್ತದೆ.