ತಗ್ಗು ಚಾವಣಿಯ ಹೊಸ ಮನೆಗೆ ಜಾರ್ಜಿಯನ್ ಶೈಲಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಹೊಸ ಮನೆಗೆ ಬಂದು ಎಂಟು ತಿಂಗಳಾಯಿತು. ಮುಂದಿನ ಕೋಣೆ 4.2 ಮೀಟರ್ ಉದ್ದ, 3.6 ಮೀಟರ್ ಅಗಲ ಇದೆ, ಚಾವಣಿ 2.4 ಮೀಟರ್. ಬಾತ್ ಊರಿನ ರಾಯಲ್ ಕ್ರೆಸೆಂಟ್ ಎಂಬ ಹಳೆಯ ಸಾಲುಮನೆಗಳನ್ನು ನೋಡಿಕೊಂಡು ಬಂದ ಮೇಲೆ ನಮ್ಮ ಕೋಣೆಯನ್ನೂ ಜಾರ್ಜಿಯನ್ ಶೈಲಿಗೆ ತರಬೇಕೆಂಬ ಆಸೆ. ಇಷ್ಟು ತಗ್ಗಿನ ಕೋಣೆಗೆ ಒಪ್ಪುತ್ತದೆಯೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಖಂಡಿತ ಒಪ್ಪುತ್ತದೆ. ಆದರೆ ನೀವು ನೋಡಿ ಬಂದ ದೊಡ್ಡ ಕೋಣೆಯನ್ನೇ ಮಾದರಿಯಾಗಿ ಹಿಡಿಯಬೇಡಿ. 1714ರಲ್ಲಿ ಪಟ್ಟಕ್ಕೆ ಬಂದ ಒಂದನೇ ಜಾರ್ಜ್‌ನಿಂದ 1830ರಲ್ಲಿ ತೀರಿಕೊಂಡ ನಾಲ್ಕನೇ ಜಾರ್ಜ್‌ವರೆಗಿನ ಕಾಲವನ್ನು ಜಾರ್ಜಿಯನ್ ಎನ್ನುತ್ತಾರೆ. ಆ ಕಾಲದ ಸಾಲುಮನೆಗಳಲ್ಲಿ ಒಂದೊಂದು ಅಂತಸ್ತಿಗೆ ಒಂದೊಂದು ಮರ್ಯಾದೆ. ಅತಿಥಿಗಳನ್ನು ಕೂರಿಸುವ ಮೊದಲ ಮಹಡಿಯ ಚಾವಣಿ ಎತ್ತರ, ಅಲಂಕಾರವೂ ಅಲ್ಲೇ ಹೆಚ್ಚು. ಮೇಲಕ್ಕೆ ಹೋದಂತೆ ಚಾವಣಿ ತಗ್ಗುತ್ತದೆ, ಕಾರ್ನಿಸ್ (ಗೋಡೆ ಚಾವಣಿಯನ್ನು ಸೇರುವಲ್ಲಿನ ಅಲಂಕಾರದ ಪಟ್ಟಿ) ಸಣ್ಣದಾಗುತ್ತದೆ, ತೀರಾ ಮೇಲೆ ಇಲ್ಲವೇ ಇಲ್ಲ. ನಿಮ್ಮ 2.4 ಮೀಟರ್ ಕೋಣೆಗೆ ಸರಿಹೊಂದುವುದು ಆ ಮೇಲಿನ ಮಲಗುವ ಕೋಣೆಗಳ ಸರಳ ಕೆಲಸ. ಅದೂ ಅಪ್ಪಟ ಜಾರ್ಜಿಯನ್ನೇ. ದಿವಾನಖಾನೆಯ ಅಲಂಕಾರವನ್ನು ತಂದು ಈ ಎತ್ತರಕ್ಕೆ ತುರುಕಿದರೆ ಕೋಣೆ ಇನ್ನಷ್ಟು ಕುಗ್ಗಿದಂತೆ ಕಾಣುತ್ತದೆ.

ಈ ಶೈಲಿಯ ಜೀವಾಳ ಗೋಡೆಯ ಅಳತೆಯಲ್ಲಿದೆ. ಗೋಡೆಯನ್ನು ಒಂದು ಕಂಬ ಎಂದು ಭಾವಿಸಿ ಭಾಗ ಮಾಡುತ್ತಿದ್ದರು. ಗೋಡೆಯ ಬುಡದ ಪಟ್ಟಿಯಾದ ಸ್ಕರ್ಟಿಂಗ್‌ನಿಂದ ಸೊಂಟದ ಮಟ್ಟದ ಅಡ್ಡಪಟ್ಟಿಯಾದ ಡ್ಯಾಡೋ ರೈಲ್‌ವರೆಗಿನದು ಕಂಬದ ಪೀಠ, ನಡುವಿನ ಗೋಡೆ ಕಂಬ, ಮೇಲಿನ ಕಾರ್ನಿಸ್ ಕಂಬ ಹೊರುವ ತೊಲೆಯ ಭಾಗ. ಪೀಠ ಯಾವಾಗಲೂ ಕಂಬಕ್ಕಿಂತ ಚಿಕ್ಕದು. ಈಗಿನವರು ಡ್ಯಾಡೋವನ್ನು ಅಭ್ಯಾಸಬಲದಿಂದ 1 ಮೀಟರ್ ಎತ್ತರಕ್ಕೆ ಹೊಡೆಯುತ್ತಾರೆ. 2.4 ಮೀಟರ್ ಗೋಡೆಯಲ್ಲಿ ಅದು ಹೆಚ್ಚುಕಡಿಮೆ ನಡುವಿಗೇ ಬಂದು ಗೋಡೆಯನ್ನು ಎರಡು ತುಂಡು ಮಾಡುತ್ತದೆ. ಕೋಣೆ ಕೆಟ್ಟು ಕಾಣುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ. ನಿಮ್ಮಲ್ಲಿ ಡ್ಯಾಡೋದ ಮೇಲಂಚು 730 ಮಿಲಿಮೀಟರಿಗೆ ಬರಲಿ, ಸ್ಕರ್ಟಿಂಗ್ 150 ಇರಲಿ. ಕಾರ್ನಿಸ್ ಗೋಡೆಯ ಮೇಲೆ 80ರಿಂದ 90ರಷ್ಟು ಇಳಿದು, ಚಾವಣಿಯ ಕಡೆಗೆ 100ರಿಂದ 120ರಷ್ಟು ಚಾಚಲಿ. ಚಾಚು ಇಳಿಕೆಗಿಂತ ಹೆಚ್ಚಿದ್ದರೆ ಗೋಡೆಯ ಎತ್ತರ ಉಳಿಯುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಒಳಕ್ಕೆ ಬಾಗಿದ ಸಾದಾ ಕೋವಿಂಗ್ ಬೇಡ. ಅದು 20ನೇ ಶತಮಾನದ್ದು.

ಡ್ಯಾಡೋ ಕೆಳಗೆ ಮಾತ್ರ ಪ್ಯಾನೆಲ್ (ಮೋಲ್ಡಿಂಗ್ ಎಂಬ ಅಲಂಕಾರದ ಪಟ್ಟಿಯಿಂದ ಮಾಡಿದ ಆಯತ) ಮಾಡಿ. ಮೇಲಿನ ಗೋಡೆ ಖಾಲಿ ಇರಲಿ. 18ನೇ ಶತಮಾನದ ನಡುಭಾಗಕ್ಕೆ ಬರುವಾಗ ಡ್ಯಾಡೋ ಮೇಲಿನ ಮರದ ಪ್ಯಾನೆಲ್ ಹಿಂದೆ ಸರಿದು ಆ ಜಾಗಕ್ಕೆ ಗಾರೆ, ಬಣ್ಣ, ಕಾಗದ ಬಂದಿದ್ದವು. 3.6 ಮೀಟರ್ ಗೋಡೆಯ ಲೆಕ್ಕ ನೋಡಿ. ನಾಲ್ಕು ಪ್ಯಾನೆಲ್ ಎಂದರೆ ಐದು ಸಂದು. ಸಂದಿಗೆ 90 ಮಿಲಿಮೀಟರ್ ಇಟ್ಟರೆ 450 ಹೋಯಿತು. ಉಳಿದ 3150ನ್ನು ನಾಲ್ಕರಿಂದ ಭಾಗಿಸಿದರೆ ಒಂದು ಪ್ಯಾನೆಲ್ ಅಗಲ 787. ಡ್ಯಾಡೋ ಪಟ್ಟಿ 55 ಅಗಲವಿದ್ದರೆ ಅದರ ಕೆಳಂಚು 675ಕ್ಕೆ ಬರುತ್ತದೆ. ಸ್ಕರ್ಟಿಂಗ್‌ನ 150, ಮೇಲೆ ಕೆಳಗೆ ಒಂದೊಂದು 90 ಕಳೆದರೆ ಪ್ಯಾನೆಲ್ ಎತ್ತರ 345. ಸುತ್ತಳತೆ 2264. ಹಾಗಾಗಿ 2.4 ಮೀಟರ್ ಉದ್ದದ ಒಂದು ಮೋಲ್ಡಿಂಗ್‌ನಲ್ಲಿ ಒಂದು ಪ್ಯಾನೆಲ್ ಸರಿಯಾಗಿ ಆಗುತ್ತದೆ. ಒಂದೇ ತುಂಡಿನಿಂದ ನಾಲ್ಕೂ ಬದಿ ಕತ್ತರಿಸಿದರೆ ಮೂಲೆಗಳಲ್ಲಿ ಮೋಲ್ಡಿಂಗ್‌ನ ಗೆರೆಗಳೂ ಕೂಡಿ ಬರುತ್ತವೆ.

ಈಗ ಸಾಕೆಟ್ ನೋಡಿ. ಇಂಗ್ಲೆಂಡಿನ ಹೊಸ ಮನೆಗಳಲ್ಲಿ ಸಾಕೆಟ್ ನೆಲದಿಂದ ಕನಿಷ್ಠ 450 ಎತ್ತರದಲ್ಲಿರುತ್ತದೆ, ಅಂದರೆ ಸೀದಾ ಪ್ಯಾನೆಲ್ ಒಳಗೆ. ಎರಡು ಪ್ಲಗ್ ಚುಚ್ಚುವ ಸಾಕೆಟ್ ಪ್ಲೇಟ್ 146 ಅಗಲ, 86 ಎತ್ತರ. ಪ್ಲೇಟಿನ ಕೆಳಂಚು 450ಕ್ಕೆ ಇದ್ದರೆ ಮೇಲಂಚು 536. ನಿಮ್ಮ ಪ್ಯಾನೆಲ್‌ನ ಮೇಲಂಚು 585, ಮೋಲ್ಡಿಂಗ್ 25 ಅಗಲದ್ದಾದರೆ ನಡುವೆ 24 ಮಿಲಿಮೀಟರ್ ಉಳಿಯುತ್ತದೆ. ಅಷ್ಟು ಸಾಕು. ಅದೇ ಸಾಕೆಟ್ 90ರ ಸಂದಿಗೆ ಬಂದರೆ ಎರಡೂ ಕಡೆ ಮೋಲ್ಡಿಂಗ್ ಅನ್ನು ಕಡಿಯಬೇಕಾಗುತ್ತದೆ, ಅದು ನೋಡಲಾಗದು. ಆದ್ದರಿಂದ ಮೋಲ್ಡಿಂಗ್ ಕೊಳ್ಳುವ ಮೊದಲೇ ಮಾಸ್ಕಿಂಗ್ ಟೇಪಿನಿಂದ ಗೋಡೆಯ ಮೇಲೆ ಪೂರ್ತಿ ನಕ್ಷೆ ಅಂಟಿಸಿ ಎರಡು ದಿನ ನೋಡಿ. ಹೊಂದದಿದ್ದರೆ ಐದು ಪ್ಯಾನೆಲ್ ಮಾಡಿ. ಆಗ ಅಗಲ 612 ಆಗುತ್ತದೆ. ಅದಕ್ಕೂ ಬಗ್ಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟನ್ನೇ ಸರಿಸಿ.

ಎಂಟು ತಿಂಗಳು ಎಂದಿದ್ದೀರಿ. ಇನ್ನೂ ನಾಲ್ಕು ತಿಂಗಳು ತಡೆಯಿರಿ. ಹೊಸ ಮನೆಯ ಮರ, ಗಾರೆ ಒಣಗಿ ಕುಗ್ಗುವುದಕ್ಕೆ ಒಂದು ವರ್ಷವಾದರೂ ಬೇಕು, ನಡುವೆ ಒಂದು ಚಳಿಗಾಲ ಹೀಟಿಂಗ್ ಓಡಿರಬೇಕು. ಮುಂಚೆ ಕೂರಿಸಿದ ಕಾರ್ನಿಸ್‌ನ ಪ್ರತಿ ಜೋಡಣೆಯೂ ಬಿರುಕು ಬಿಡುತ್ತದೆ. ಆ ಬಿರುಕು ಯಾರ ತಪ್ಪು ಎಂದು ಆಮೇಲೆ ಬಿಲ್ಡರ್ ಜೊತೆ ವಾದ ಮಾಡುವುದೂ ಕಷ್ಟ.

ಕೆಲಸ ಹಿಡಿದಾಗ ಸಾಮಾನ್ಯವಾಗಿ ಎಡವುವುದು ಅಂಟಿನಲ್ಲಿ. ಬಿಲ್ಡರುಗಳು ಹೊಸ ಗೋಡೆಗೆ ತೆಳ್ಳಗೆ ಹೊಡೆಸುವ ಬಿಳಿ ಮ್ಯಾಟ್ ಬಣ್ಣ ಕೈಗೆ ಸುಣ್ಣದಂತೆ ಹತ್ತುತ್ತದೆ. ಅದರ ಮೇಲೆ ಎಂಥ ಗಟ್ಟಿ ಅಂಟು ಹಚ್ಚಿದರೂ ಪ್ಯಾನೆಲ್ ನೇತಾಡುವುದು ಆ ಬಣ್ಣದ ಪದರದಿಂದಲೇ. ಗುರುತು ಹಾಕಿದ ಗೆರೆಯುದ್ದಕ್ಕೂ 20 ಮಿಲಿಮೀಟರ್ ಅಗಲಕ್ಕೆ ಬಣ್ಣ ಉಜ್ಜಿ ತೆಗೆದು, ಧೂಳು ಒರೆಸಿ, ಆಮೇಲೆ ಅಂಟಿಸಿ. ಮೋಲ್ಡಿಂಗ್ ಮರದ ನಾರನ್ನು ಒತ್ತಿ ಮಾಡಿದ, ತೇವ ತಡೆಯುವ ಎಂಡಿಎಫ್‌ನದಾಗಿರಲಿ. ಕತ್ತರಿಸಿದ ಅಂಚು ಬಣ್ಣ ಹೀರಿ ನಾರು ಏಳುವುದರಿಂದ ಅಂಚಿಗೆ ಮೊದಲು ಪ್ರೈಮರ್ ಹಚ್ಚಿ, ಒಣಗಿದ ಮೇಲೆ 240ರ ಸ್ಯಾಂಡ್ ಪೇಪರಿನಿಂದ ಉಜ್ಜಿ, ಮತ್ತೊಮ್ಮೆ ಪ್ರೈಮರ್ ಹಚ್ಚಿ. ಸ್ಕರ್ಟಿಂಗ್ ಮತ್ತು ಡ್ಯಾಡೋದ ಒಳಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಬೇಡಿ. ಮೂಲೆ ಸರಿಯಾಗಿ 90 ಇರುವುದು ಅಪರೂಪ. ಒಂದು ಪಟ್ಟಿಯನ್ನು ಮೂಲೆಯವರೆಗೆ ನೇರ ತಂದು, ಇನ್ನೊಂದರ ತುದಿಯನ್ನು ಮೊದಲಿನದರ ಆಕಾರಕ್ಕೇ ಸಣ್ಣ ಗರಗಸದಿಂದ ಕೊರೆದು ಕೂಡಿಸಿ. ಮನೆ ಸ್ವಲ್ಪ ಕದಲಿದರೂ ಸಂದು ಕಾಣುವುದಿಲ್ಲ.

ಒಂದು ಅಪಾಯದ ಮಾತು. ಇಂಗ್ಲೆಂಡಿನ ವೈರಿಂಗ್ ನಿಯಮದ ಪ್ರಕಾರ ಚಾವಣಿಯಿಂದ 150 ಮಿಲಿಮೀಟರ್ ಒಳಗೆ, ಗೋಡೆಯ ಮೂಲೆಯಿಂದ 150 ಒಳಗೆ, ಸ್ವಿಚ್ ಮತ್ತು ಸಾಕೆಟ್‌ಗಳ ನೇರಕ್ಕೆ ಮೇಲೆ, ಕೆಳಗೆ, ಅಕ್ಕಪಕ್ಕ ಕೇಬಲ್ ಹೋಗಿರಬಹುದು. ಕಾರ್ನಿಸ್ ಕೂರುವುದು ಸರಿಯಾಗಿ ಮೊದಲನೆಯ ಪಟ್ಟಿಯಲ್ಲೇ! ಕೇಬಲ್ ಡಿಟೆಕ್ಟರ್ ಇಲ್ಲದೆ ಅಲ್ಲಿ ಮೊಳೆ ಹೊಡೆಯಬೇಡಿ. ಗೋಡೆಯ ಕಡೆ ಅಂಟು ಸಾಕು. ಗಾರೆಯ ಭಾರದ ಕಾರ್ನಿಸ್ ಆದರೆ ಚಾವಣಿಯ ಜಾಯ್ಸ್ಟ್ (ಒಳಗಿನ ಮರದ ತೊಲೆ) ಹುಡುಕಿ ಅದಕ್ಕೆ ಸ್ಕ್ರೂ ಹಾಕಿ.

ಪ್ರಶ್ನೆ: ನಮ್ಮದು ರೆಡಿಂಗ್‌ನಲ್ಲಿ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಗಳ ಮನೆ. ಒಳಗೆ ಎಷ್ಟು ಚೆನ್ನಾಗಿ ಮಾಡಿದರೂ ಕಿಟಕಿ ಹಾಳು ಮಾಡುತ್ತದೆ. ಬದಲಾಯಿಸದೆ ಏನಾದರೂ ಮಾಡಬಹುದೇ?

ಉತ್ತರ: ಗಾಜಿನ ಮೇಲೆ ಪಟ್ಟಿ ಅಂಟಿಸಿ ಚೌಕ ಮಾಡುವ ಆಲೋಚನೆ ಇದ್ದರೆ ಬಿಡಿ. ಮೇಲಕ್ಕೆ ಕೆಳಕ್ಕೆ ಸರಿಸಿ ತೆರೆಯುವ ಜಾರ್ಜಿಯನ್ ಸ್ಯಾಶ್ ಕಿಟಕಿಯಲ್ಲಿ ಮೇಲೆ ಆರು, ಕೆಳಗೆ ಆರು ಗಾಜು ಇರುವುದು ಸಾಮಾನ್ಯ. ಪ್ರತಿ ಗಾಜೂ ಅಗಲಕ್ಕಿಂತ ಎತ್ತರ. ಬಾಗಿಲಿನಂತೆ ತೆರೆಯುವ ಅಗಲದ ಕೇಸ್‌ಮೆಂಟ್ ಕಿಟಕಿಗೆ ಆ ಅಳತೆ ಕೂಡುವುದಿಲ್ಲ. ಅದಕ್ಕಿಂತ ಕಿಟಕಿಯ ಸುತ್ತ ಕೆಲಸ ಮಾಡಿ. ಬಾಗಿಲಿಗೆ ಇರುವ ಆರ್ಕಿಟ್ರೇವ್ ಪಟ್ಟಿಯನ್ನೇ, 70ರಿಂದ 90 ಮಿಲಿಮೀಟರ್ ಅಗಲದ್ದನ್ನು, ಕಿಟಕಿಗೂ ಸುತ್ತಿಸಿ. ಗೋಡೆಯ ಆಳದಲ್ಲಿ ಮಡಚಿಕೊಳ್ಳುವ, ಪ್ಯಾನೆಲ್ ಇರುವ ಗಟ್ಟಿ ಮರದ ಶಟರ್ ಹಾಕಿಸಿ. ಅಡ್ಡ ಪಟ್ಟಿಗಳ ಜಾಲರಿ ಶಟರ್ ಬಿಸಿಲಿನ ನಾಡುಗಳದ್ದು, ಈ ಶೈಲಿಯದ್ದಲ್ಲ. ಶಟರ್ ಕಣ್ಣು ಸೆಳೆದರೆ ಹಿಂದಿನ ಪ್ಲಾಸ್ಟಿಕ್ ಹಿನ್ನೆಲೆಗೆ ಸರಿಯುತ್ತದೆ.

ಚೌಕಟ್ಟಿನ ಮೇಲ್ಭಾಗದಲ್ಲಿ ಗಾಳಿಯಾಡಲು ಸೀಳಿನಂಥ ವೆಂಟ್ ಇರುತ್ತದೆ. ಯಾವ ಕಾರಣಕ್ಕೂ ಅದನ್ನು ಮುಚ್ಚಬೇಡಿ. ದಿನವೂ ಅನ್ನ ಬಸಿದು, ಸಾರು ಕುದಿಸುವ ನಮ್ಮ ಮನೆಗಳಲ್ಲಿ ಆವಿ ಹೆಚ್ಚು. ಶಟರ್ ಹಿಂದೆ ಗಾಜು ಬೆವರಿ ಒಂದೇ ಚಳಿಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಶಟರ್ ತೆರೆಯಿರಿ. ಮೇಲಿನ ಮಲಗುವ ಕೋಣೆಗಳ ಕಿಟಕಿ ಬೆಂಕಿ ಬಿದ್ದಾಗ ಹೊರಬೀಳುವ ದಾರಿಯೂ ಹೌದು, ಆದ್ದರಿಂದ ಅಲ್ಲಿನ ಶಟರ್ ಬೀಗವಿಲ್ಲದೆ ಒಂದೇ ಕೈಯಲ್ಲಿ ತೆರೆಯುವಂತಿರಬೇಕು.

ಪ್ರಶ್ನೆ: ಲೀಡ್ಸ್‌ನಲ್ಲಿರುವ ನಮ್ಮ ಕೋಣೆಗೆ ಹಸಿರು ಬಣ್ಣ, ಸ್ಕರ್ಟಿಂಗ್‌ಗೆ ಅಪ್ಪಟ ಬಿಳಿ ಹೊಡೆಸಿದೆವು. ಹಳೆಯ ಮನೆಯ ಕಳೆ ಬರಲೇ ಇಲ್ಲ. ಏನು ತಪ್ಪಾಯಿತು?

ಉತ್ತರ: ತಪ್ಪಿರುವುದು ಆ ಬಿಳಿಯಲ್ಲಿ. ಈಗಿನ ಕಣ್ಣು ಕುಕ್ಕುವ ಬಿಳಿ ಟೈಟಾನಿಯಂ ಡೈಆಕ್ಸೈಡ್‌ನಿಂದ ಬಂದದ್ದು, 20ನೇ ಶತಮಾನದ್ದು. ಆಗಿನ ಬಿಳಿ ಎಂದರೆ ಸೀಸದಿಂದ ಮಾಡಿದ ಬಿಳಿ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದದ್ದು, ಹಾಲಿನ ಕೆನೆಯಂತೆ ತುಸು ಹಳದಿ. ಕೆಲಸದ ಕೋಣೆಗಳಲ್ಲಿ ಗೋಡೆಯ ಮರಗೆಲಸವನ್ನೆಲ್ಲ ಒಂದೇ ಬಣ್ಣಕ್ಕೆ ಬಳಿಯುತ್ತಿದ್ದರು. ಕಲ್ಲಿನ ಬಣ್ಣ, ಮಾಸಲು ಕಂದು, ಆಲಿವ್, ಬಟಾಣಿ ಹಸಿರು ಬಳಕೆಯಲ್ಲಿದ್ದವು. ಸ್ಕರ್ಟಿಂಗ್‌ಗೆ ಮಾತ್ರ ನೆಲ ಒರೆಸುವಾಗಿನ ಕೊಳೆ ಕಾಣದಿರಲೆಂದು ಕಡುಕಂದು ಹಚ್ಚುವ ರೂಢಿಯಿತ್ತು. ನೀವೂ ಡ್ಯಾಡೋ, ಪ್ಯಾನೆಲ್, ಬಾಗಿಲಿನ ಚೌಕಟ್ಟು ಎಲ್ಲಕ್ಕೂ ಗೋಡೆಯ ಹಸಿರನ್ನೇ ಹೊಡೆಸಿ, ಚಾವಣಿ ಮತ್ತು ಕಾರ್ನಿಸ್‌ಗೆ ಕೆನೆ ಬಿಳಿ ಕೊಡಿ. ಬಿಳಿ ಗೆರೆಗಳು ಮಾಯವಾದ ಕೂಡಲೇ ಕೋಣೆ ತುಂಡುತುಂಡಾಗಿ ಕಾಣುವುದು ನಿಲ್ಲುತ್ತದೆ.

ಹೊಳಪಿನ ಬಣ್ಣ ಬೇಡ, ತೊಳೆಯಬಹುದಾದ ಮ್ಯಾಟ್ ತೆಗೆದುಕೊಳ್ಳಿ. ಬಿರುಕು ಮುಚ್ಚುವ ಕಾಕ್ ಹಚ್ಚಿದ್ದರೆ ಅದು ಪೂರ್ತಿ ಒಣಗುವವರೆಗೆ, ಕನಿಷ್ಠ ಒಂದು ದಿನ, ಬಣ್ಣ ಮುಟ್ಟಿಸಬೇಡಿ. ಹಸಿ ಕಾಕ್ ಮೇಲೆ ಮ್ಯಾಟ್ ಬಣ್ಣ ಒಣಗಿದ ಕೆರೆಯ ಮಣ್ಣಿನಂತೆ ಬಿರಿಯುತ್ತದೆ. ಬಲ್ಬ್ 2700 ಕೆಲ್ವಿನ್‌ಗಿಂತ ಬೆಳ್ಳಗಿರಬಾರದು. ಚಾವಣಿಯ ಸ್ಪಾಟ್‌ಲೈಟ್ ಆರಿಸಿ, ಗೋಡೆಯ ದೀಪ ಮತ್ತು ಕನ್ನಡಿಯಿಂದ ಬೆಳಕು ಕೊಟ್ಟರೆ ಮ್ಯಾಟ್ ಹಸಿರಿಗೆ ಆಳ ಬರುತ್ತದೆ.

ಪ್ರಶ್ನೆ: ಬರ್ಮಿಂಗ್‌ಹ್ಯಾಮ್‌ನ ನಮ್ಮ ಫ್ಲ್ಯಾಟ್‌ಗೆ ಚಿಮಣಿ ಇಲ್ಲ. ಅಲಂಕಾರಕ್ಕೆ ಫೈರ್‌ಪ್ಲೇಸ್ ಇಡಬಹುದೇ?

ಉತ್ತರ: ಇಡಬಹುದು. ಚಪ್ಪಟೆ ಗೋಡೆಗೆ ಬರಿ ಚೌಕಟ್ಟು ಆನಿಸಿದರೆ ನಾಟಕದ ಪರದೆಯಂತೆ ಕಾಣುತ್ತದೆ. ಮೊದಲು 63ಕ್ಕೆ 38 ಮಿಲಿಮೀಟರ್ ಮರದ ತುಂಡುಗಳಿಂದ 1300 ಅಗಲ, 250 ಆಳದ ಉಬ್ಬುಗೋಡೆಯನ್ನು ಚಾವಣಿಯವರೆಗೆ ಕಟ್ಟಿಸಿ. ಬೆಂಕಿಗೂಡಿನ ಬಾಯಿ ಹೆಚ್ಚುಕಡಿಮೆ ಚೌಕವಾಗಿರಲಿ, 900ಕ್ಕೆ 900 ಸರಿಯಾಗುತ್ತದೆ. ಮೇಲಿನ ಹಲಗೆ 1150 ಎತ್ತರ ದಾಟದಿರಲಿ. ಕಮಾನಿನ ಬಾಯಿ, ಎರಡೂ ಬದಿ ಹೂವಿನ ಟೈಲ್ಸ್ ಇರುವ ಎರಕದ ಕಬ್ಬಿಣದ ಒಳಗೂಡು ವಿಕ್ಟೋರಿಯನ್ ಕಾಲದ್ದು. ಅಂಗಡಿಯವರು ಅದನ್ನೂ ಜಾರ್ಜಿಯನ್ ಎಂದೇ ಮಾರುತ್ತಾರೆ, ಗಮನವಿರಲಿ. ಎಲೆಕ್ಟ್ರಿಕ್ ಹೀಟರ್ ಕೂರಿಸುವುದಾದರೆ ಅದರ ಕೈಪಿಡಿ ಹೇಳುವಷ್ಟು ಜಾಗ ಸುತ್ತ ಬಿಡಲೇಬೇಕು. ಮೇಲೆ ಕನ್ನಡಿ ಹಾಕಿ, ಟೀವಿ ಪಕ್ಕದ ಗೋಡೆಗೆ ಹೋಗಲಿ. ಫ್ಲ್ಯಾಟ್ ಲೀಸ್‌ಹೋಲ್ಡ್ (ದೀರ್ಘಾವಧಿ ಗುತ್ತಿಗೆಯದ್ದು) ಆಗಿದ್ದರೆ ಗೋಡೆ ಕಟ್ಟುವ ಮೊದಲು ಒಪ್ಪಂದದಲ್ಲಿ ಅನುಮತಿಯ ಷರತ್ತು ಏನಿದೆ ಎಂದು ಓದಿ.

ಪ್ರಶ್ನೆ: ಊರಿಂದ ತಂದ ಕಲಂಕಾರಿ ಬಟ್ಟೆ ಬಹಳಷ್ಟಿದೆ. ಇಂಥ ಕೋಣೆಗೆ ಹಾಕಿದರೆ ಆಭಾಸವಾಗುತ್ತದೆಯೇ?

ಉತ್ತರ: ಇಲ್ಲವೇ ಇಲ್ಲ, ಧೈರ್ಯವಾಗಿ ಹಾಕಿ. ಇಂಗ್ಲೆಂಡಿನವರು ಚಿಂಟ್ಸ್ ಎಂದು ಮುಗಿಬಿದ್ದು ಕೊಂಡದ್ದು ಕೋರಮಂಡಲ ತೀರದ ಇದೇ ಬಗೆಯ ಬಟ್ಟೆಯನ್ನು. ಇಂಗ್ಲೆಂಡಿನ ನೇಕಾರರ ಹೊಟ್ಟೆಪಾಡಿಗೆ ಏಟು ಬಿದ್ದು, 1721ರಲ್ಲಿ ಅಚ್ಚಿನ ಹತ್ತಿಬಟ್ಟೆ ಬಳಸುವುದಕ್ಕೇ ನಿಷೇಧ ತಂದರು. 1774ರಲ್ಲಿ ಸಡಿಲಿಸಿದ್ದು ಬ್ರಿಟನ್ನಿನಲ್ಲೇ ತಯಾರಾದ ಬಟ್ಟೆಗೆ. ನಟ ಡೇವಿಡ್ ಗ್ಯಾರಿಕ್‌ನ ಮಂಚಕ್ಕೆ ಭಾರತದಿಂದ ಬಂದ ಪರದೆಗಳನ್ನು ಕಸ್ಟಮ್ಸ್‌ನವರು ಜಪ್ತಿ ಮಾಡಿದ್ದರು. ಆ ಮಂಚ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಬಿಳಿ ಅಥವಾ ಕೆನೆ ನೆಲದ ಮೇಲೆ ಬಳ್ಳಿ, ಹೂವು ಹರಡಿದ ಬಟ್ಟೆಯನ್ನು ಆರಿಸಿ. ದೇವರ ಚಿತ್ರ, ದಟ್ಟ ಅಂಚಿನವು ಬೇರೆ ಕಡೆಗೆ ಇರಲಿ. ಮಲಗುವ ಕೋಣೆಯ ಪರದೆ, ಕುರ್ಚಿಯ ಕಳಚುವ ಹೊದಿಕೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಪರದೆಗೆ ಕಂಬಿಯ ಅಗಲದ ಎರಡರಷ್ಟು ಬಟ್ಟೆ ಬೇಕು. 1.5 ಮೀಟರ್ ಕಂಬಿಗೆ 3 ಮೀಟರ್ ಅಗಲ, ಅಂದರೆ ಸುಮಾರು 110 ಸೆಂಟಿಮೀಟರ್ ಪನ್ನದ ಬಟ್ಟೆಯಲ್ಲಿ ಮೂರು ಉದ್ದ. ಕತ್ತರಿಸುವ ಮೊದಲು ಪೂರ್ತಿ ಬಟ್ಟೆಯನ್ನು ತಣ್ಣೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ, ಇಲ್ಲದಿದ್ದರೆ ಹೊಲಿದ ಮೇಲೆ ಗಿಡ್ಡವಾಗುತ್ತದೆ. ಬಿಸಿಲಿಗೆ ಗಿಡಮೂಲದ ಬಣ್ಣ ಕಳೆಗುಂದುವುದರಿಂದ ಹಿಂದೆ ಹತ್ತಿಯ ಒಳಬಟ್ಟೆ ಕೊಡಿ. ಸೋಫಾಗೆ ಕಾಯಂ ಆಗಿ ಹೊದಿಸುವುದಾದರೆ ಬ್ರಿಟನ್ನಿನ 1988ರ ಪೀಠೋಪಕರಣ ಅಗ್ನಿಸುರಕ್ಷತಾ ನಿಯಮ ಅಡ್ಡ ಬರುತ್ತದೆ. ಬಟ್ಟೆಯ ಕೆಳಗೆ ಬೆಂಕಿ ತಡೆಯುವ ಒಳಪದರ ಹಾಕಿಕೊಡುವಂತೆ ಕೆಲಸದವರಿಗೆ ಮೊದಲೇ ಹೇಳಿ.