ಓದುಗರ ಪ್ರಶ್ನೆ: ಬಚ್ಚಲಿನ ಗ್ಯಾಸ್ ಗೀಸರ್, ಬಾಣಂತಿ ಕೋಣೆಯ ಕೆಂಡ

ಪ್ರಶ್ನೆ: ನಮ್ಮ ಫ್ಲ್ಯಾಟಿನ ಬಚ್ಚಲಲ್ಲೇ 6 ಲೀಟರಿನ ಗ್ಯಾಸ್ ಗೀಸರ್ ಇದೆ. ಮಳೆಯ ಎರಚಲು ಬರುತ್ತದೆಂದು ವೆಂಟಿಲೇಟರಿಗೆ ಪ್ಲಾಸ್ಟಿಕ್ ಶೀಟ್ ಹೊಡೆಸಿದ್ದೇವೆ. ಈಚೆಗೆ ಸ್ನಾನ ಮುಗಿಸಿ ಬಂದವರಿಗೆಲ್ಲ ತಲೆನೋವು, ಮಗಳಿಗೆ ವಾಕರಿಕೆ. ಗ್ಯಾಸಿನ ವಾಸನೆ ಮಾತ್ರ ಇಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕೇ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಸಾಲದು. ಮೊದಲು ಆ ಶೀಟ್ ಕಿತ್ತುಹಾಕಿ, ಗೀಸರ್ ಬಂದ್ ಮಾಡಿ, ಮಗಳನ್ನು ವೈದ್ಯರಿಗೆ ತೋರಿಸಿ. ಒಂದೇ ಬಚ್ಚಲು ಬಳಸುವ ಎಲ್ಲರಿಗೂ ತಲೆನೋವು ಬರುವುದು, ಹೊರಗೆ ಬಂದ ಮೇಲೆ ಇಳಿಯುವುದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಯ ಲಕ್ಷಣ. ಸಿಲಿಂಡರ್ ಗ್ಯಾಸಿನ ವಾಸನೆ ಸೋರಿಕೆ ತಿಳಿಯಲೆಂದು ಬೆರೆಸಿದ್ದು. ಉರಿದಾಗ ಅದೂ ಸುಟ್ಟುಹೋಗುತ್ತದೆ. ಅರೆಬರೆ ಉರಿದು ಹುಟ್ಟುವ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣೂ ಉರಿಯುವುದಿಲ್ಲ.

ಲೆಕ್ಕ ನೋಡಿ. 1 ಕೆಜಿ ಗ್ಯಾಸ್ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. 6 ಲೀಟರಿನ ಗೀಸರ್ ಕಾಲು ಗಂಟೆಯಲ್ಲಿ 200 ಗ್ರಾಂ ಆಸುಪಾಸು ಗ್ಯಾಸ್ ಸುಡುತ್ತದೆ. ಅಂದರೆ ಎರಡೂವರೆ ಘನ ಮೀಟರ್ ಗಾಳಿ. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ 8 ಘನ ಮೀಟರ್. ಆಮ್ಲಜನಕ ಇಳಿಯುತ್ತಿದ್ದಂತೆ ಉರಿ ಕೆಡುತ್ತದೆ, ಮೊನಾಕ್ಸೈಡ್ ಏರುತ್ತದೆ.

ಫ್ಯಾನಿನ ತೊಡಕು ಇಲ್ಲೇ ಇದೆ. ಬಾಗಿಲು ಬಿಗಿಯಾಗಿದ್ದು, ಕೆಳಗಿನಿಂದ ಗಾಳಿ ಒಳಬರಲು ದಾರಿಯಿಲ್ಲದಿದ್ದರೆ, ಫ್ಯಾನ್ ಗೀಸರಿನ ಹೊಗೆಯನ್ನೇ ಕೋಣೆಯೊಳಕ್ಕೆ ಎಳೆದುಕೊಳ್ಳಬಹುದು. ಸರಿಯಾದ ದಾರಿ ಒಂದೇ: ಗೀಸರನ್ನು ತೆರೆದ ಬಾಲ್ಕನಿಗೋ ಯುಟಿಲಿಟಿಗೋ ಸಾಗಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರುವುದು. ಬಾಲ್ಕನಿಗೆ ಗಾಜು ಹಾಕಿ ಮುಚ್ಚಿದ್ದರೆ ಅದೂ ಬಚ್ಚಲಿದ್ದಂತೆಯೇ. ಸಾಗಿಸುವವರೆಗೆ ವಿದ್ಯುತ್ ಹೀಟರಿನಲ್ಲಿ ನೀರು ಕಾಯಿಸಿಕೊಳ್ಳಿ. ಅದೂ ಆಗದಿದ್ದರೆ ಬಾಗಿಲು, ವೆಂಟಿಲೇಟರ್ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಿ. ಇದು ತಾತ್ಕಾಲಿಕ ಉಪಾಯ ಅಷ್ಟೆ. ಹಲವು ಗೀಸರುಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ಟೈಮರ್ ಇರುತ್ತದೆ. ಅದು ಸಮಯ ಎಣಿಸುತ್ತದೆ, ವಿಷಗಾಳಿಯನ್ನಲ್ಲ.

ಕಡಲತಡಿಯ ಉಪ್ಪುಗಾಳಿಗೆ ಬರ್ನರ್ ಬೇಗ ತುಕ್ಕು ಹಿಡಿದು ತೂತುಗಳು ಕಟ್ಟಿಕೊಳ್ಳುತ್ತವೆ. ಉರಿ ನೀಲಿಯಾಗಿ, ಗಟ್ಟಿಯಾಗಿ ನಿಲ್ಲಬೇಕು. ಹಳದಿ ನಾಲಗೆ ಚಾಚಿದರೆ, ಮೇಲಿನ ತಗಡಿಗೆ ಮಸಿ ಹಿಡಿದರೆ, ಮತ್ತೆ ಹಚ್ಚಬೇಡಿ. ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಸರ್ವಿಸ್ ಮಾಡಿಸಿ. ಆದರೆ ನೀಲಿ ಉರಿ ಕಂಡಿತೆಂದು ಕಿಟಕಿ ಮುಚ್ಚುವ ಹಾಗಿಲ್ಲ.

ಪ್ರಶ್ನೆ: ಮಗಳ ಬಾಣಂತನ ನಡೆದಿದೆ. ಮಳೆಗಾಲದ ಥಂಡಿಗೆಂದು ಅತ್ತೆಯವರು ಗೆರಟೆ ಕೆಂಡದ ಮಡಕೆಯನ್ನು ಕೋಣೆಯಲ್ಲಿಡುತ್ತಾರೆ, ಮಗುವಿನ ಬಟ್ಟೆಯನ್ನೂ ಅದರ ಮೇಲೆ ಒಣಗಿಸುತ್ತಾರೆ. ಹೊಗೆಯೇನೂ ಬರುವುದಿಲ್ಲ. ತೊಂದರೆಯಿದೆಯೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಇದೆ, ಹೊಗೆಯಿಲ್ಲದಿದ್ದರೂ ಇದೆ. ಕೆಂಪಗೆ ನಿಗಿನಿಗಿ ಎನ್ನುವ ಕೆಂಡದ ರಾಶಿಯಲ್ಲಿ ತಳದಲ್ಲಿ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಮೇಲಿನ ಬಿಸಿ ಇದ್ದಿಲನ್ನು ಹಾದು ಬರುವಾಗ ಮೊನಾಕ್ಸೈಡ್ ಆಗುತ್ತದೆ. ಎಳೆಮಗು ನಮಗಿಂತ ಬೇಗ ಬೇಗ ಉಸಿರಾಡುವುದರಿಂದ ಬೇಗ ಬಾಧೆಗೆ ಒಳಗಾಗುತ್ತದೆ.

ಅತ್ತೆಯವರ ಪದ್ಧತಿ ಹೆಂಚಿನ ಮಾಡಿನ ಮನೆಯಲ್ಲಿ ಬೆಳೆದದ್ದು. ಹೆಂಚುಗಳ ಸಂದಿಯಿಂದ, ಮಾಡಿಗೂ ಗೋಡೆಗೂ ನಡುವಿನ ಜಾಗದಿಂದ ಗಾಳಿ ಆಡುತ್ತಿತ್ತು. ಸ್ಲ್ಯಾಬು, ಗಾಜಿನ ಜಾರುಕಿಟಕಿ, ಎಸಿ ಬಂದ ಕೋಣೆಯಲ್ಲಿ ಆ ಜಾಗವೇ ಇಲ್ಲ. ಹೆಂಚಿನ ಮನೆಯಲ್ಲೂ ಬಾಗಿಲು ಹಾಕಿಕೊಂಡು ಕೆಂಡದ ಪಕ್ಕ ಮಲಗಬಾರದು. ಅತ್ತೆಯವರಿಗೆ ಇದನ್ನು ಹೀಗೆಯೇ ಹೇಳಿ, ಒಪ್ಪಿಯಾರು. ಬಟ್ಟೆಯನ್ನು ಫ್ಯಾನಿನ ಕೆಳಗೆ ಹರವಿ, ಇಸ್ತ್ರಿ ಹಾಕಿದರೆ ಸಾಕು. ಕೆಂಡದ್ದೇ ಆಗಬೇಕೆಂದರೆ ಜಗಲಿಯ ಆಚೆ, ಗಾಳಿಗೆ. ಮಗುವಿಗೆ ಬೆಚ್ಚಗಿನ ಬಟ್ಟೆ, ಟೊಪ್ಪಿ, ತಾಯಿಯ ಮೈಶಾಖ ಸಾಕು.

ಪ್ರಶ್ನೆ: ಗ್ಯಾಸ್ ಸೋರಿದರೆ ಕೂಗುವ ಅಲಾರಂ ಅಡುಗೆಮನೆಯಲ್ಲಿದೆ. ಅದು ಕಾರ್ಬನ್ ಮೊನಾಕ್ಸೈಡಿಗೂ ಆಗುತ್ತದೆಯೇ?
– ಓದುಗರೊಬ್ಬರು, ಮಣಿಪಾಲ

ಉತ್ತರ: ಪೆಟ್ಟಿಗೆಯ ಮೇಲೆ ಕಾರ್ಬನ್ ಮೊನಾಕ್ಸೈಡ್ ಎಂದು ಬರೆದಿಲ್ಲದಿದ್ದರೆ ಆಗುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ ಇರುತ್ತದೆ. ಮೊನಾಕ್ಸೈಡ್ ಗಾಳಿಗಿಂತ ತುಸು ಹಗುರ, ಗಾಳಿಯೊಂದಿಗೆ ಬೆರೆತು ಹರಡುತ್ತದೆ; ಅದರ ಅಲಾರಂ ಮಲಗುವ ಕೋಣೆಯಲ್ಲಿ ಉಸಿರಾಡುವ ಎತ್ತರಕ್ಕೂ, ಗ್ಯಾಸ್ ಉಪಕರಣವಿರುವ ಕೋಣೆಯಲ್ಲಿ ಅದರಿಂದ 1ರಿಂದ 3 ಮೀಟರ್ ದೂರಕ್ಕೂ ಇರಲಿ. ಹಬೆ ತುಂಬುವ ಬಚ್ಚಲೊಳಗೆ ಬೇಡ. ಯುರೋಪಿನ ಇಎನ್ 50291 ಮಾನದಂಡದ್ದಾದರೆ 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು) ಇದ್ದಾಗ 60ರಿಂದ 90 ನಿಮಿಷದಲ್ಲಿ, 300 ಇದ್ದಾಗ 3 ನಿಮಿಷದೊಳಗೆ ಕೂಗಬೇಕು. ಸೆನ್ಸರಿಗೆ ಆಯುಷ್ಯವಿದೆ, ಹಿಂಬದಿಯಲ್ಲಿ ನಮೂದಿಸಿದ ವರ್ಷ ದಾಟಿದರೆ ಹೊಸದು ತನ್ನಿ.

ಪ್ರಶ್ನೆ: ಬಚ್ಚಲಲ್ಲಿ ಯಾರಾದರೂ ಬಿದ್ದಿದ್ದರೆ ಏನು ಮಾಡಬೇಕು?
– ಓದುಗರೊಬ್ಬರು, ಉಡುಪಿ

ಉತ್ತರ: ಬಾಗಿಲು ತೆರೆದು, ಉಸಿರು ಬಿಗಿಹಿಡಿದು ಅವರನ್ನು ಹೊರಗೆಳೆದು ತನ್ನಿ. ಗ್ಯಾಸ್ ಬಂದ್ ಮಾಡಿ, 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಎದೆ ಒತ್ತಲು ತಡ ಮಾಡಬೇಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ: ಮೊನಾಕ್ಸೈಡ್ ಹಿಡಿದ ರಕ್ತವೂ ಅದಕ್ಕೆ ಆಮ್ಲಜನಕದ ರಕ್ತದಂತೆಯೇ ಕಾಣುತ್ತದೆ. ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು, ಇಷ್ಟು ಹೊತ್ತು ಒಳಗಿದ್ದರು’ ಎಂದು ಮೊದಲೇ ಹೇಳಿ. ಮಾಮೂಲಿ ಗಾಳಿಯಲ್ಲಿ ಈ ವಿಷ ರಕ್ತದಲ್ಲಿ ಅರ್ಧಕ್ಕಿಳಿಯಲು 4–5 ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ.