ಕೊಪ್ಪಳದ ನೀರಿಗೆ ಯಾವ ಸೋಪು?

ಬೆಂಗಳೂರಿನಿಂದ ಕೊಪ್ಪಳಕ್ಕೆ ವರ್ಗವಾಗಿ ಬಂದು ಮೂರು ತಿಂಗಳಾಯಿತು, ಮೈ ಗೀರಿದರೆ ಬಿಳಿ ಗೆರೆ ಮೂಡುತ್ತದೆ, ಕೂದಲು ಕತ್ತದಂತಾಗಿದೆ, ಕೆಮಿಕಲ್ ಇಲ್ಲದ ಸೋಪು ಯಾವುದು ಅಂತ ಕೇಳಿದ್ದೀರಿ. ಮೊದಲು ಇದನ್ನು ಹೇಳಿ: ನೀವು ಜಳಕ ಮಾಡುವುದು ನಳದ ನೀರಲ್ಲೋ, ಬೋರಿನ ನೀರಲ್ಲೋ?

ನಾನು ಇದೇ ಊರವಳು. ಗವಿಮಠದ ಜಾತ್ರೆಯಲ್ಲಿ ಒಮ್ಮೆ ಬೇವು, ಅರಿಶಿನ ಹಾಕಿ ಕೈಯಲ್ಲೇ ಮಾಡಿದ ಸೋಪು ಕೊಂಡಿದ್ದೆ. "ಇದರಾಗ ಕೆಮಿಕಲ್ ಒಂದ್ ಚೂರೂ ಇಲ್ರೀ ಅಕ್ಕ" ಅಂದ ಅಂಗಡಿ ಹುಡುಗ. ವಾರದೊಳಗೆ ಮೊಣಕೈ ಸಂದಿಯಲ್ಲಿ ತುರಿಕೆ ಶುರುವಾಯಿತು. ಅವನು ಬೇಕೆಂದೇ ಸುಳ್ಳು ಹೇಳಿದ ಅನ್ನಲಾರೆ, ಪಾಪ ಅವನಿಗೂ ಗೊತ್ತಿರಲಿಕ್ಕಿಲ್ಲ. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಆಗುವುದೇ ಇಲ್ಲ. 100 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 18 ಗ್ರಾಂ ಬೇಕು. ಲೆಕ್ಕ ಸರಿಯಿದ್ದರೆ ಎಣ್ಣೆ, ಕಾಸ್ಟಿಕ್ ಸೇರಿ ಸೋಪು, ಗ್ಲಿಸರಿನ್ ಆಗಿಬಿಡುತ್ತವೆ. ತಪ್ಪಿದರೆ ಕಾಸ್ಟಿಕ್ ಉಳಿದು ಮೈ ಉರಿಯುತ್ತದೆ. ಕೈಸೋಪಿನ ಚೀಟಿಯಲ್ಲಿ 'ಕೊಬ್ಬರಿ ಎಣ್ಣೆ' ಅಂತಿರುತ್ತದೆ, ಕಂಪನಿ ಸೋಪಿನ ಮೇಲೆ 'ಸೋಡಿಯಂ ಕೋಕೋಯೇಟ್' ಅಂತಿರುತ್ತದೆ. ಆ ಎಣ್ಣೆ ಸೋಪಾದ ಮೇಲೆ ಎರಡೂ ಒಂದೇ. ಇನ್ನು ಟಿಎಫ್‌ಎಂ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶ, ಶೇ. 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದನೇ ದರ್ಜೆ, ಅಷ್ಟು ನೋಡಿಕೊಂಡರೆ ಸಾಕು.

ಆದರೆ ನನ್ನ ಕಣ್ಣು ತೆರೆಸಿದ್ದು ಎರಡು ಬಾಟಲಿ. ಒಂದರಲ್ಲಿ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು, ಇನ್ನೊಂದರಲ್ಲಿ ನಮ್ಮ ಬೋರಿನ ಸವಳು ನೀರು. ಎರಡಕ್ಕೂ ಉಗುರಿನಷ್ಟು ಸೋಪು ಕೆರೆದು ಹಾಕಿ ಕುಲುಕಿದೆ. ಕ್ಯಾನ್ ನೀರಲ್ಲಿ ನೊರೆ ಬಾಯಿತನಕ ಬಂತು. ಬೋರ್ ನೀರಲ್ಲಿ ನೊರೆಯೇ ಇಲ್ಲ, ಒಡೆದ ಹಾಲಿನಂತೆ ಬಿಳಿ ಚೂರು ತೇಲಿದವು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಹಾಗೆ ಮಾಡುತ್ತವೆ. ಬಕೀಟಿನ ಅಂಚಿಗೆ ಅಂಟುವ ಜಿಡ್ಡು ಅದೇ, ನಿಮ್ಮ ಮೈಗೆ, ಕೂದಲಿಗೆ ಹತ್ತುವುದೂ ಅದೇ. ಬೇವಿನದೋ ಗಂಧದ್ದೋ, ಎಣ್ಣೆಯಿಂದ ಮಾಡಿದ ಯಾವ ಸೋಪೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ.

ಸೀಗೆಕಾಯಿ, ಅಂಟವಾಳದ ನೊರೆ ಬೇರೆ ಥರದ್ದು, ಸವಳು ನೀರಲ್ಲೂ ಹೀಗೆ ಒಡೆಯುವುದಿಲ್ಲ. ನಮ್ಮ ಅಜ್ಜಿ ಜೀವನವಿಡೀ ಬಾವಿ ನೀರಲ್ಲಿ ತಲೆ ತೊಳೆದದ್ದು ಅದರಿಂದಲೇ. ನಾನೂ ವಾರಕ್ಕೊಮ್ಮೆ ಸೀಗೆಕಾಯಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಿ ಹಚ್ಚುತ್ತೇನೆ. ಪುಡಿಯನ್ನು ಹಾಗೇ ಹಚ್ಚಿದರೆ ಚರಟ ಕೂದಲಲ್ಲೇ ಕೂತು ಎರಡು ದಿನ ಉದುರುತ್ತದೆ. ಕಣ್ಣಿಗೆ ಹೋಯಿತೋ, ದೇವರೇ ಗತಿ.

ಕಡಲೆ ಹಿಟ್ಟು ಬೇಸಿಗೆಯಲ್ಲಿ ಬೆವರಿನ ಮೈಗೆ ಸರಿ. ಚಳಿಗಾಲದಲ್ಲಿ ಇದ್ದಬದ್ದ ಎಣ್ಣೆಯನ್ನೂ ಹೀರಿಬಿಡುತ್ತದೆ. ಅದಕ್ಕೆ ನಿಂಬೆರಸ ಮಾತ್ರ ಬೆರೆಸಬೇಡಿ. ನಮ್ಮ ತಂಗಿ ಹಾಗೆ ಮುಖಕ್ಕೆ ಹಚ್ಚಿಕೊಂಡು ಮಾಳಿಗೆ ಮೇಲೆ ಸಂಡಿಗೆ ಹಾಕಲು ಹೋದಳು. ನಿಂಬೆ ಹಚ್ಚಿದ ಚರ್ಮ ಬಿಸಿಲಿಗೆ ಸುಡುತ್ತದೆ, ಕೆನ್ನೆಯ ಕಪ್ಪು ಕಲೆ ಹೋಗಲು ತಿಂಗಳುಗಳೇ ಬೇಕಾದವು. ಅದೂ ನೈಸರ್ಗಿಕವೇ!

ಈಗ ನಾನು ಮಾಡುವುದಿಷ್ಟು. ಸಬಕಾರ ಬಗಲು, ತೊಡೆಸಂದು, ಪಾದಕ್ಕೆ ಮಾತ್ರ. ಉಳಿದ ಮೈಗೆ ಬರೀ ನೀರು. ಕೊನೆಗೆ ಎರಡು ತಂಬಿಗೆ ಕ್ಯಾನ್ ನೀರು ಸುರಿದುಕೊಂಡು, ಮೈ ಹಸಿಯಿರುವಾಗಲೇ ನಾಲ್ಕು ಹನಿ ಕುಸುಬಿ ಎಣ್ಣೆ ತಿಕ್ಕುತ್ತೇನೆ. ಹದಿನೈದು ದಿನ ಮಾಡಿ ನೋಡಿ. ತುರಿಕೆ ಕೆಂಪಾಗಿ ಹಬ್ಬಿದರೆ ಸೋಪಿನ ಅಂಗಡಿ ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ.

ಆ ಜಾತ್ರೆ ಸೋಪು ಇನ್ನೂ ಅರ್ಧ ಇದೆ. ನಮ್ಮ ಮನೆಯವರ ಅಂಗಿ ಕಾಲರ್ ತಿಕ್ಕಲು ಬಹಳ ಚಲೋ.